‘ಏತ್?’ ಎಂದು ಕೇಳದ ಕ್ವಾಂಟಮ್

ಹೋದ ಸಂಚಿಕೆಯ ಈ ಅಂಕಣದಲ್ಲಿ ಮನೆಯ ಮಾಡಿನ ಮೇಲೆ ಹಾಕುವ ಸೌರಫಲಕಗಳ ಬಗ್ಗೆ ಬರೆಯುವಾಗ, ಬಿಸಿಲು ಫಲಕದ ಮೇಲೆ ಬಿದ್ದು ವಿದ್ಯುತ್ತಾಗುವುದು ಒಂದು ಕ್ವಾಂಟಮ್ ವಿದ್ಯಮಾನವೆಂದು ಒಂದೇ ಒಂದು ವಾಕ್ಯವನ್ನು ಸೇರಿಸಿದ್ದೆ. ಸಬ್ಸಿಡಿಯ ಕುರಿತು ಕೇಳಿದವರು ಇಬ್ಬರೇ. ಉಳಿದ ಪತ್ರಗಳೆಲ್ಲವೂ ಆ ಒಂದು ವಾಕ್ಯವನ್ನು ಹಿಡಿದುಕೊಂಡು ಬಂದಿವೆ. ಬೆಕ್ಕು, ಮನಸ್ಸು, ಉಪನಿಷತ್ತು, ಪದಕ, ಗೂಗಲ್ ಎಲ್ಲವೂ ಅವುಗಳಲ್ಲಿವೆ. ಆದ್ದರಿಂದ ಈ ತಿಂಗಳ ಜಾಗವನ್ನೆಲ್ಲ ಅದಕ್ಕೇ ಬಿಟ್ಟಿದ್ದೇನೆ.

ಪ್ರಶ್ನೆ: ಸರ್, ದ್ವಿತೀಯ ಪಿಯುಸಿಯಲ್ಲಿ ನಮಗೆ ದ್ಯುತಿವಿದ್ಯುತ್ ಪರಿಣಾಮದ (ಬೆಳಕು ಬಿದ್ದಾಗ ಲೋಹದಿಂದ ಎಲೆಕ್ಟ್ರಾನ್ ಹೊರಬೀಳುವುದರ) ಲೆಕ್ಕಗಳಿವೆ. ಅದೇ ಕ್ವಾಂಟಮ್ ಭೌತವಿಜ್ಞಾನದ ಆರಂಭ ಎಂದು ತರಗತಿಯಲ್ಲಿ ಹೇಳುತ್ತಾರೆ. ಮನೆಗೆ ಬಂದು ಮೊಬೈಲಿನಲ್ಲಿ ನೋಡಿದರೆ ಬೆಕ್ಕೊಂದು ಸತ್ತೂ ಇರುತ್ತದೆ, ಬದುಕಿಯೂ ಇರುತ್ತದೆ; ಮನುಷ್ಯ ಒಂದೇ ಹೊತ್ತಿಗೆ ಎರಡು ಕಡೆ ಇರಬಹುದು ಎನ್ನುತ್ತಾರೆ. ಎರಡೂ ಒಂದೇ ವಿಷಯವೇ? — ಪಿಯುಸಿ ವಿದ್ಯಾರ್ಥಿನಿ, ಕುಂದಾಪುರ

ಉತ್ತರ: ತರಗತಿಯಲ್ಲಿ ನಿಮಗೆ ಸಿಗುತ್ತಿರುವುದು ಅಸಲು. ಮೊಬೈಲಿನಲ್ಲಿ ಸಿಗುತ್ತಿರುವುದು ಅದರಿಂದ ಲೆಕ್ಕವನ್ನು ಕಳೆದಾಗ ಉಳಿಯುವ ಶೇಷ. ‘ಕ್ವಾಂಟಮ್’ ಎಂಬ ಲ್ಯಾಟಿನ್ ಪದದ ಅರ್ಥವೇ ‘ಎಷ್ಟು’. ಮಂಗಳೂರಿನ ಮೀನು ಮಾರುಕಟ್ಟೆಯಲ್ಲಿ ಬಂಗುಡೆಯ ಬುಟ್ಟಿಯ ಮುಂದೆ ಬಗ್ಗಿ ‘ಏತ್?’ ಎಂದು ಕೇಳುವ ಗಿರಾಕಿ ತುಳುವಿನಲ್ಲಿ ಹೇಳುವುದೂ ಅದೇ ಪದವನ್ನು. 1900ರ ಡಿಸೆಂಬರ್ 14ರಂದು ಮ್ಯಾಕ್ಸ್ ಪ್ಲಾಂಕ್ ಬರ್ಲಿನ್ನಿನಲ್ಲಿ ಮಂಡಿಸಿದ ಪ್ರಬಂಧದ ತಿರುಳು ಇಷ್ಟು: ಕಾದ ವಸ್ತುವಿನಿಂದ ಹೊರಡುವ ಬೆಳಕಿನ ಲೆಕ್ಕ ತಾಳೆಯಾಗಬೇಕಾದರೆ ಶಕ್ತಿಯನ್ನು ಎಣ್ಣೆಯ ಧಾರೆಯಂತೆ ಅಳೆಯದೆ, ಅಕ್ಕಿಯ ಕಾಳುಗಳಂತೆ ಬಿಡಿಬಿಡಿಯಾಗಿ ಎಣಿಸಬೇಕು. ಒಂದು ಕಾಳಿನ ಶಕ್ತಿ ಎಷ್ಟೆಂಬುದಕ್ಕೆ ಅವರು ಒಂದು ನಿಯತಾಂಕವನ್ನೂ ಕೊಟ್ಟರು. ಜೌಲ್-ಸೆಕೆಂಡುಗಳಲ್ಲಿ ಅದನ್ನು ಬರೆಯಹೊರಟರೆ ದಶಮಾಂಶ ಬಿಂದುವಿನ ನಂತರ 33 ಸೊನ್ನೆಗಳನ್ನು ಹಾಕಿದ ಮೇಲೆ 6626 ಎಂಬ ಅಂಕಿಗಳು ಆರಂಭವಾಗುತ್ತವೆ. ಆ 33 ಸೊನ್ನೆಗಳನ್ನು ಮರೆತುಬಿಟ್ಟರೆ ಜಗತ್ತಿನಲ್ಲಿ ಏನು ಬೇಕಾದರೂ ಆಗಬಹುದೆಂದು ತೋರುವುದು ಸಹಜ.

ಅನಿಶ್ಚಿತತಾ ತತ್ತ್ವವನ್ನೇ ತೆಗೆದುಕೊಳ್ಳಿ. ‘ಈ ಲೋಕದಲ್ಲಿ ಯಾವುದೂ ನಿಶ್ಚಿತವಲ್ಲ’ ಎಂಬ ವೈರಾಗ್ಯದ ಮಾತಿಗೆ ಅದನ್ನು ಆಧಾರವಾಗಿ ಕೊಡುವವರಿದ್ದಾರೆ. ಹೈಸೆನ್‌ಬರ್ಗ್ 1927ರಲ್ಲಿ ಹೇಳಿದ್ದು ಸ್ಥಾನ ಮತ್ತು ಸಂವೇಗಗಳ (ಸಂವೇಗವೆಂದರೆ ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದ್ದು) ಅನಿಶ್ಚಿತತೆಗಳ ಗುಣಲಬ್ಧಕ್ಕೆ ಒಂದು ಕನಿಷ್ಠ ಬೆಲೆಯಿದೆ ಎಂದು, ಮತ್ತು ಆ ಬೆಲೆ ಪ್ಲಾಂಕ್ ನಿಯತಾಂಕದಿಂದ ಬರುತ್ತದೆ ಎಂದು. ನೀವೇ ಲೆಕ್ಕ ಹಾಕಬಹುದು. ಒಂದು ಕಿಲೋ ತೂಗುವ ತೆಂಗಿನಕಾಯಿಯ ಸ್ಥಾನವನ್ನು ಒಂದು ಮೈಕ್ರೋಮೀಟರಿನಷ್ಟು ನಿಖರವಾಗಿ ಗುರುತಿಸಿದ್ದೀರಿ ಎನ್ನಿ. ತತ್ತ್ವದ ಪ್ರಕಾರ ಅದರ ವೇಗದಲ್ಲಿ ಉಳಿಯಲೇಬೇಕಾದ ಕನಿಷ್ಠ ಅನಿಶ್ಚಿತತೆ ಎಷ್ಟು ಸಣ್ಣದೆಂದರೆ, ಆ ವೇಗದಲ್ಲಿ ತೆಂಗಿನಕಾಯಿ ವಿಶ್ವದ ಈವರೆಗಿನ ಆಯುಷ್ಯವಾದ 1,380 ಕೋಟಿ ವರ್ಷ ಉರುಳಿದರೂ ಒಂದು ಪರಮಾಣುವಿನ ಅಗಲದಷ್ಟು ದೂರವನ್ನೂ ಕ್ರಮಿಸುವುದಿಲ್ಲ. ಅದೇ ಲೆಕ್ಕವನ್ನು ಪರಮಾಣುವಿನೊಳಗಿನ ಎಲೆಕ್ಟ್ರಾನಿಗೆ ಹಾಕಿದರೆ ವೇಗದ ಅನಿಶ್ಚಿತತೆ ಸೆಕೆಂಡಿಗೆ ಸುಮಾರು 580 ಕಿಲೋಮೀಟರ್ ಬರುತ್ತದೆ. ಅಂದರೆ ಮಂಗಳೂರಿನಿಂದ ಹೊರಟು ಶಿರಾಡಿ ಘಾಟಿ ಹತ್ತಿ ಬೆಂಗಳೂರು ಮುಟ್ಟುವುದಕ್ಕೆ ಒಂದು ಸೆಕೆಂಡೂ ಬೇಡ. ಸೂತ್ರ ಒಂದೇ, ತೆಂಗಿನಕಾಯಿಗೂ ಎಲೆಕ್ಟ್ರಾನಿಗೂ ನಡುವಿನ ವ್ಯತ್ಯಾಸವೆಲ್ಲ ‘ಎಷ್ಟು’ ಎಂಬಲ್ಲಿದೆ.

ಇನ್ನು ಬೆಕ್ಕು. 1935ರಲ್ಲಿ ಎರ್ವಿನ್ ಶ್ರೋಡಿಂಗರ್ ಒಂದು ದೀರ್ಘ ಪ್ರಬಂಧದ ನಡುವೆ ಈ ಕಲ್ಪಿತ ಪ್ರಯೋಗವನ್ನು ವಿವರಿಸಿದರು. ಉಕ್ಕಿನ ಪೆಟ್ಟಿಗೆಯೊಳಗೆ ಒಂದು ಬೆಕ್ಕು. ಜೊತೆಗೆ ವಿಕಿರಣವನ್ನು ಎಣಿಸುವ ಗೈಗರ್ ಗಣಕ ಮತ್ತು ಒಂದು ಗಂಟೆಯಲ್ಲಿ ಒಂದು ಪರಮಾಣು ಕ್ಷಯಿಸುವ ಮತ್ತು ಕ್ಷಯಿಸದಿರುವ ಸಂಭವ ಸಮಸಮವಾಗಿರುವಷ್ಟು ಅಲ್ಪ ವಿಕಿರಣಶೀಲ ವಸ್ತು. ಪರಮಾಣು ಕ್ಷಯಿಸಿದರೆ ಸುತ್ತಿಗೆ ಬಿದ್ದು ವಿಷದ ಸೀಸೆ ಒಡೆಯುತ್ತದೆ. ಸಮೀಕರಣವನ್ನು ಅಕ್ಷರಶಃ ಓದಿದರೆ ಬೆಕ್ಕನ್ನು ಸತ್ತ ಮತ್ತು ಬದುಕಿದ ಸ್ಥಿತಿಗಳ ಬೆರಕೆಯೆಂದು ಬರೆಯಬೇಕಾಗುತ್ತದೆ. ಇದು ನಗೆಪಾಟಲಿನ ಪ್ರಸಂಗ ಎಂದು ಸ್ವತಃ ಶ್ರೋಡಿಂಗರ್ ಅಲ್ಲಿಯೇ ಹೇಳಿದ್ದಾರೆ. ಪರಮಾಣುವಿನ ಭಾಷೆಯನ್ನು ಹಾಗೆಯೇ ಬೆಕ್ಕಿನ ಮಟ್ಟಕ್ಕೆ ಎಳೆದರೆ ಎಂಥ ಅಸಂಬದ್ಧಕ್ಕೆ ಬಂದು ನಿಲ್ಲುತ್ತೇವೆ ಎಂದು ತೋರಿಸುವುದು ಅವರ ಉದ್ದೇಶವಾಗಿತ್ತು. ಖಂಡಿಸುವುದಕ್ಕಾಗಿ ಎತ್ತಿಕೊಂಡ ಪೂರ್ವಪಕ್ಷವನ್ನೇ ಸಿದ್ಧಾಂತವೆಂದು ಉರುಹಚ್ಚಿದರೆ ಶಾಸ್ತ್ರಾಧ್ಯಯನ ಹೇಗಾದೀತೋ, ಬೆಕ್ಕಿನ ವಿಡಿಯೋಗಳಲ್ಲಿ ಆಗಿರುವುದು ಅದೇ.

ಸರಳಗೊಳಿಸಿ ಹೇಳುವುದೇ ತಪ್ಪೆಂದು ನನ್ನ ವಾದವಲ್ಲ. ತಾಳಮದ್ದಳೆಯ ಅರ್ಥಧಾರಿ ಭಾಗವತರ ಒಂದು ಪದ್ಯಕ್ಕೆ ಅರ್ಧ ಗಂಟೆ ಅರ್ಥ ಹೇಳಿದರೂ ನಾವು ಕುಳಿತು ಕೇಳುತ್ತೇವೆ. ಆದರೆ ಪದ್ಯದಲ್ಲಿ ಕರ್ಣ ಸತ್ತಿದ್ದರೆ ಅರ್ಥದಲ್ಲಿ ಅವನನ್ನು ಬದುಕಿಸುವ ಅಧಿಕಾರ ಅವರಿಗಿರುವುದಿಲ್ಲ.

ಪ್ರಶ್ನೆ: ಸಕಾರಾತ್ಮಕ ಚಿಂತನೆಯ ಒಂದು ಕಾರ್ಯಾಗಾರಕ್ಕೆ ಹೋಗಿದ್ದೆ. ಎಲೆಕ್ಟ್ರಾನಿಗೆ ತನ್ನನ್ನು ಯಾರೋ ನೋಡುತ್ತಿದ್ದಾರೆಂದು ತಿಳಿಯುತ್ತದೆ, ಆಗ ಅದು ತನ್ನ ನಡತೆಯನ್ನು ಬದಲಿಸುತ್ತದೆ, ಆದ್ದರಿಂದ ನೋಡುವವನ ಮನಸ್ಸೇ ವಾಸ್ತವವನ್ನು ಸೃಷ್ಟಿಸುತ್ತದೆ ಎಂದು ಅಲ್ಲಿ ಹೇಳಿದರು. ಪ್ರಯೋಗದಿಂದ ಸಿದ್ಧವಾಗಿದೆಯಂತೆ. ಹೌದೇ? — ನಿವೃತ್ತ ಬ್ಯಾಂಕ್ ಅಧಿಕಾರಿ, ಕದ್ರಿ, ಮಂಗಳೂರು

ಉತ್ತರ: ಪ್ರಯೋಗ ನಿಜ, ‘ಆದ್ದರಿಂದ’ ಎಂಬುದು ಸುಳ್ಳು. ಅನರ್ಥಕ್ಕೆಲ್ಲ ಕಾರಣ ‘ನೋಡುವುದು’ ಎಂಬ ಕ್ರಿಯಾಪದ.

ಬೆಂಗ್ರೆಯ ಅಳಿವೆ ಬಾಗಿಲಿನಲ್ಲಿ ಕಲ್ಲಿನ ಎರಡು ಬ್ರೇಕ್‌ವಾಟರುಗಳ ನಡುವೆ ನುಗ್ಗುವ ಅಲೆ ಒಳಗೆ ಬಂದ ಮೇಲೆ ಬೀಸಣಿಗೆಯಂತೆ ಹರಡಿಕೊಳ್ಳುವುದನ್ನು ತಾವು ಕಂಡಿರಬಹುದು. ಅಂಥ ಬಾಗಿಲು ಪಕ್ಕಪಕ್ಕದಲ್ಲಿ ಎರಡಿದ್ದರೆ ಎರಡು ಬೀಸಣಿಗೆಗಳೂ ಒಂದರೊಳಗೊಂದು ಸೇರಿ, ಕೆಲವೆಡೆ ಅಲೆ ಎತ್ತರವಾಗಿ, ಕೆಲವೆಡೆ ನೀರು ಅಲುಗದೆ ಪಟ್ಟೆಪಟ್ಟೆಯಾಗಿ ಕಾಣುತ್ತದೆ. ಎಲೆಕ್ಟ್ರಾನುಗಳನ್ನು ಅತಿ ಸಮೀಪದ ಎರಡು ಹಾದಿಗಳ ಮೂಲಕ ಹಾಯಿಸಿದಾಗಲೂ ಆಚೆಯ ಪರದೆಯ ಮೇಲೆ ಇಂಥ ಪಟ್ಟೆಗಳು ಮೂಡುತ್ತವೆ. 1989ರಲ್ಲಿ ಜಪಾನಿನ ಅಕಿರಾ ಟೊನೊಮುರಾ ಮತ್ತು ಸಂಗಡಿಗರು ಎಲೆಕ್ಟ್ರಾನುಗಳನ್ನು ಒಂದೊಂದಾಗಿಯೇ ಕಳುಹಿಸಿ ಇದನ್ನು ತೋರಿಸಿದರು. ಮೊದಲು ಪರದೆಯ ಮೇಲೆ ಅಲ್ಲೊಂದು ಇಲ್ಲೊಂದು ಚುಕ್ಕೆ. ಹತ್ತಿಪ್ಪತ್ತು ಬಿದ್ದಾಗ ಚೆಲ್ಲಿದ ಸಾಸಿವೆ. ಸಾವಿರಾರು ಬಿದ್ದ ಮೇಲೆ ಸ್ಪಷ್ಟವಾದ ಪಟ್ಟೆಗಳು. ಪ್ರತಿಯೊಂದು ಎಲೆಕ್ಟ್ರಾನ್ ಯಾವ ಹಾದಿಯಲ್ಲಿ ಬಂತೆಂಬುದನ್ನು ದಾಖಲಿಸುವ ಏರ್ಪಾಡು ಮಾಡಿದರೆ ಪಟ್ಟೆಗಳು ಅಳಿಸಿಹೋಗುತ್ತವೆ. ಕಾರ್ಯಾಗಾರದಲ್ಲಿ ತಮಗೆ ಹೇಳಿದ್ದು ಇದರ ಬಗ್ಗೆಯೇ.

ಆದರೆ ಇಲ್ಲಿ ‘ದಾಖಲಿಸುವುದು’ ಎಂದರೆ ಕಣ್ಣಿನಿಂದ ನೋಡುವುದೆಂದಲ್ಲ. ವಿಯೆನ್ನಾದ ಪ್ರಯೋಗಾಲಯದಲ್ಲಿ 1999ರಲ್ಲಿ ಅರವತ್ತು ಇಂಗಾಲದ ಪರಮಾಣುಗಳುಳ್ಳ, ಕಾಲ್ಚೆಂಡಿನಂಥ ಅಣುಗಳಿಂದಲೂ ಈ ಪಟ್ಟೆಗಳನ್ನು ಪಡೆದರು. 2004ರಲ್ಲಿ ಅದೇ ಗುಂಪು ಎಪ್ಪತ್ತು ಪರಮಾಣುಗಳ ಅಣುವನ್ನು ತೆಗೆದುಕೊಂಡು, ಹಾದಿಗೆ ಬಿಡುವ ಮೊದಲು ಲೇಸರಿನಿಂದ ಕಾಯಿಸಿತು. ಕಾದ ಕಬ್ಬಿಣದ ಹಾಗೆ ಕಾದ ಅಣುವೂ ಬೆಳಕನ್ನು ಸೂಸುತ್ತದೆ, ಮತ್ತು ಸೂಸಿದ ಆ ಬೆಳಕು ಅಣು ಎಲ್ಲಿತ್ತೆಂಬ ಸುಳಿವನ್ನು ಹೊತ್ತುಕೊಂಡು ಹೊರಟುಹೋಗುತ್ತದೆ. ಆ ಬೆಳಕನ್ನು ಯಾರೂ ಹಿಡಿಯಲಿಲ್ಲ, ಯಾರೂ ನೋಡಲಿಲ್ಲ. ಅದು ಪೆಟ್ಟಿಗೆಯ ಗೋಡೆಗೆ ಬಡಿದು ಮುಗಿಯಿತು. ಆದರೂ ಪಟ್ಟೆಗಳು ಮಸುಕಾದವು. ಅಣುವನ್ನು ಇನ್ನಷ್ಟು ಕಾಯಿಸಿದಾಗ ಇನ್ನಷ್ಟು ಮಸುಕಾದವು, ಮತ್ತು ಎಷ್ಟು ಶಾಖಕ್ಕೆ ಎಷ್ಟು ಮಸುಕಾಗಬೇಕೆಂದು ಮೊದಲೇ ಹಾಕಿದ ಲೆಕ್ಕಕ್ಕೆ ಹೊಂದಿಕೊಂಡವು. ಅಲ್ಲಿ ಸಾಕ್ಷಿಯಾಗಿದ್ದುದು ಗೋಡೆ. ಗೋಡೆಗೆ ಸಕಾರಾತ್ಮಕ ಚಿಂತನೆ ಇತ್ತೆಂದು ಕಾರ್ಯಾಗಾರದವರೂ ಹೇಳಲಾರರು. ಸುತ್ತಲಿನ ಗಾಳಿ, ಬೆಳಕು, ಶಾಖಗಳೊಡನೆ ಸಿಕ್ಕಿಕೊಳ್ಳುವುದರಿಂದ ಕ್ವಾಂಟಮ್ ಬೆರಕೆ ಹೀಗೆ ಸೋರಿಹೋಗುವುದಕ್ಕೆ ಡಿಕೋಹೆರೆನ್ಸ್ ಎನ್ನುತ್ತಾರೆ. ಶ್ರೋಡಿಂಗರರ ಬೆಕ್ಕು ಉಸಿರಾಡುವ, ಮೈ ಬೆಚ್ಚಗಿರುವ ಪ್ರಾಣಿಯಾದ್ದರಿಂದ ಯಾರಾದರೂ ಮುಚ್ಚಳ ತೆಗೆಯಲೆಂದು ಅದು ಕಾಯಬೇಕಾಗಿಲ್ಲ.

ಪ್ರಾಮಾಣಿಕತೆಗಾಗಿ ಒಂದು ಮಾತು ಸೇರಿಸಬೇಕು. ಪ್ರಜ್ಞೆಯ ವಾದವನ್ನು ಕಾರ್ಯಾಗಾರದವರು ಶೂನ್ಯದಿಂದ ಸೃಷ್ಟಿಸಿದ್ದಲ್ಲ. ನೊಬೆಲ್ ಪುರಸ್ಕೃತ ಯೂಜೀನ್ ವಿಗ್ನರ್ 1961ರ ಒಂದು ಪ್ರಬಂಧದಲ್ಲಿ ಅಳತೆ ಪೂರ್ಣವಾಗಲು ಪ್ರಜ್ಞೆಯುಳ್ಳವರು ಬೇಕೆಂದು ಗಂಭೀರವಾಗಿಯೇ ವಾದಿಸಿದ್ದರು. ಮುಂದೆ ಅವರೇ ಆ ನಿಲುವನ್ನು ಬಿಟ್ಟರು. ಹಲವು ಸಾಧ್ಯತೆಗಳಲ್ಲಿ ಒಂದೇ ಒಂದು ನಮಗೆ ಕಾಣಸಿಗುವುದು ಏಕೆ ಎಂಬ ಪ್ರಶ್ನೆಯಲ್ಲಿ ಭೌತವಿಜ್ಞಾನಿಗಳಿಗೆ ಇಂದಿಗೂ ಒಮ್ಮತವಿಲ್ಲ. ಆದರೆ ಅವರ ಜಗಳ ಸಮೀಕರಣಕ್ಕೆ ಏನು ಅರ್ಥ ಹೇಳಬೇಕೆಂಬುದರ ಬಗ್ಗೆ. ಆಸೆಪಟ್ಟರೆ ಕಾರು ಸಿಗುತ್ತದೆಯೇ ಎಂಬುದರ ಬಗ್ಗೆ ಅವರಲ್ಲಿ ಯಾರೂ ಜಗಳವಾಡುತ್ತಿಲ್ಲ.

ಪ್ರಶ್ನೆ: ಕ್ವಾಂಟಮ್ ವಿಜ್ಞಾನ ಅದ್ವೈತವನ್ನು ಸಾಬೀತುಮಾಡಿದೆ, ಶ್ರೋಡಿಂಗರ್ ಉಪನಿಷತ್ತುಗಳಿಂದಲೇ ತಮ್ಮ ಸಮೀಕರಣವನ್ನು ಪಡೆದರು ಎಂಬ ಲೇಖನ ಬಂದಿತ್ತು. ಹಾಗಾದರೆ ದ್ವೈತ ಸಿದ್ಧಾಂತದ ಗತಿಯೇನು? — ಹೆಸರು ಬೇಡ, ರಥಬೀದಿ, ಉಡುಪಿ

ಉತ್ತರ: ರಥಬೀದಿಯಿಂದಲ್ಲದೆ ಬೇರೆಲ್ಲಿಂದಲೂ ಈ ಪ್ರಶ್ನೆ ಬರುತ್ತಿರಲಿಲ್ಲ. ಶ್ರೋಡಿಂಗರ್ ವೇದಾಂತವನ್ನು ಆಸಕ್ತಿಯಿಂದ ಓದಿದವರು ಎಂಬುದು ನಿಜ. 1944ರಲ್ಲಿ ಜೀವದ ಸ್ವರೂಪದ ಕುರಿತು ಅವರು ಬರೆದ ಪುಸ್ತಕದ ಕೊನೆಯಲ್ಲಿ ಉಪನಿಷತ್ತಿನ ಪ್ರಸ್ತಾಪ ನೇರವಾಗಿಯೇ ಇದೆ. ಆದರೆ 1926ರ ಸಮೀಕರಣದ ದಾರಿ ಬೇರೆ. 1924ರಲ್ಲಿ ಡಿ ಬ್ರಾಯ್ ಮಂಡಿಸಿದ ದ್ರವ್ಯತರಂಗದ ಕಲ್ಪನೆ ಮತ್ತು ಹ್ಯಾಮಿಲ್ಟನ್‌ನ ಹಳೆಯ ಯಂತ್ರಶಾಸ್ತ್ರಗಳಿಂದ ಅದು ಹೊರಟಿದೆ, ಜಲಜನಕದ ವರ್ಣರೇಖೆಗಳನ್ನು ಸರಿಯಾಗಿ ಲೆಕ್ಕಹಾಕಿಕೊಟ್ಟದ್ದರಿಂದ ಗೆದ್ದಿದೆ. ಹೈಸೆನ್‌ಬರ್ಗ್ ಭಾರತಕ್ಕೆ ಬಂದು ರವೀಂದ್ರನಾಥ ಟಾಗೋರರನ್ನು ಭೇಟಿಯಾದ ಕತೆಯನ್ನೂ ಇದೇ ಧಾಟಿಯಲ್ಲಿ ಹೇಳುತ್ತಾರೆ. ಆ ಭೇಟಿ ನಡೆದದ್ದು 1929ರಲ್ಲಿ, ಅನಿಶ್ಚಿತತಾ ತತ್ತ್ವ ಪ್ರಕಟವಾಗಿ ಎರಡು ವರ್ಷಗಳಾದ ಮೇಲೆ.

ದ್ವೈತದ ಗತಿಯ ಬಗ್ಗೆ ಆತಂಕ ಬೇಡ. ಬೇಕಿದ್ದರೆ ಎದುರಿನ ಲೇಖನವನ್ನೂ ಇಷ್ಟೇ ಸುಲಭವಾಗಿ ಬರೆಯಬಹುದು. ಢಾಕಾದಲ್ಲಿದ್ದ ಸತ್ಯೇಂದ್ರನಾಥ ಬೋಸರು 1924ರಲ್ಲಿ ಬೆಳಕಿನ ಕಣಗಳನ್ನು ‘ಇದು ಒಂದು, ಅದು ಇನ್ನೊಂದು’ ಎಂದು ಬೇರ್ಪಡಿಸದೆ ಎಣಿಸಿದರೆ ಮಾತ್ರ ಪ್ಲಾಂಕರ ಸೂತ್ರ ಬರುತ್ತದೆಂದು ತೋರಿಸಿದರು. ಇಗೋ, ಜಡಕ್ಕೂ ಜಡಕ್ಕೂ ಭೇದವಿಲ್ಲ, ದ್ವೈತ ಹೇಳುವ ಪಂಚಭೇದಗಳಲ್ಲಿ ಒಂದು ಬಿದ್ದಿತು ಎಂದು ಒಬ್ಬರು ಬರೆಯಲಿ. ಮರುವಾರ ಇನ್ನೊಬ್ಬರು, 1925ರ ಪೌಲಿ ತತ್ತ್ವದಂತೆ ಎರಡು ಎಲೆಕ್ಟ್ರಾನುಗಳು ಒಂದೇ ಸ್ಥಿತಿಯಲ್ಲಿ ಇರಲಾರವು, ಆದ್ದರಿಂದ ಭೇದವೇ ಪರಮಸತ್ಯ ಎಂದು ಬರೆಯಲಿ. ಇಬ್ಬರ ಬಳಿಯೂ ನಿಜವಾದ ಭೌತವಿಜ್ಞಾನವಿದೆ, ಇಬ್ಬರ ತೀರ್ಮಾನವೂ ಅದರಿಂದ ಬರುವುದಿಲ್ಲ. ಶಂಕರರೂ ಮಧ್ವರೂ ಪ್ರಮಾಣವೆಂದರೆ ಏನೆಂಬುದನ್ನು ಮೊದಲು ಇತ್ಯರ್ಥಮಾಡಿಕೊಂಡು ವಾದಕ್ಕೆ ಇಳಿದವರು. ಪ್ರಯೋಗಾಲಯದ ಪ್ರಮಾಣವನ್ನು ಬ್ರಹ್ಮಸೂತ್ರಕ್ಕೆ ಸಾಕ್ಷಿಯಾಗಿ ಕರೆದಿದ್ದರೆ ಇಬ್ಬರೂ ಅದನ್ನು ಒಪ್ಪುತ್ತಿದ್ದರೆಂದು ನನಗೆ ತೋರುವುದಿಲ್ಲ.

ಪ್ರಶ್ನೆ: ಇದೆಲ್ಲ ದೊಡ್ಡವರ ಚರ್ಚೆ. ನಮ್ಮಂಥವರಿಗೆ ಕ್ವಾಂಟಮ್‌ನಿಂದ ಏನಾದರೂ ಉಪಯೋಗವಿದೆಯೇ? — ಬೋಟ್ ಮಾಲೀಕರು, ಮಲ್ಪೆ

ಉತ್ತರ: ತಮ್ಮ ಬೋಟಿನ ಜಿಪಿಎಸ್ ಪೂರ್ತಿ ಅದರ ಮೇಲೆಯೇ ನಿಂತಿದೆ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹಗಳಿಂದ ಸಂಕೇತ ಬರಲು ಎಷ್ಟು ಹೊತ್ತು ಬೇಕಾಯಿತೆಂದು ಅಳೆದು ಅದು ಜಾಗವನ್ನು ಹೇಳುತ್ತದೆ. ಗಡಿಯಾರ ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ತಪ್ಪಿದರೆ ದೂರದ ಅಳತೆ 300 ಮೀಟರ್ ತಪ್ಪುತ್ತದೆ. ಬಲೆ ಬಂಡೆಗೆ ಸಿಕ್ಕಿ ಹರಿಯಲು ಅಷ್ಟು ಸಾಕು. ಆದ್ದರಿಂದ ಉಪಗ್ರಹಗಳಲ್ಲಿ ರುಬಿಡಿಯಮ್ ಮತ್ತು ಸೀಸಿಯಮ್ ಪರಮಾಣುಗಳ ಗಡಿಯಾರಗಳಿವೆ. ಸೀಸಿಯಮ್ ಪರಮಾಣುವಿನ ಎರಡು ನಿರ್ದಿಷ್ಟ ಶಕ್ತಿಮಟ್ಟಗಳ ನಡುವಿನ ಅಂತರಕ್ಕೆ ಹೊಂದುವ ವಿಕಿರಣ 9,19,26,31,770 ಬಾರಿ ಕಂಪಿಸುವ ಕಾಲವನ್ನೇ 1967ರಿಂದ ಜಗತ್ತು ಒಂದು ಸೆಕೆಂಡ್ ಎಂದು ಕರೆಯುತ್ತಿದೆ. 2023ರ ಮೇ ತಿಂಗಳಿನಲ್ಲಿ ಇಸ್ರೋ ಹಾರಿಸಿದ ಎನ್‌ವಿಎಸ್-01 ಉಪಗ್ರಹದಲ್ಲಿ ನಮ್ಮ ದೇಶದಲ್ಲೇ ತಯಾರಾದ ರುಬಿಡಿಯಮ್ ಗಡಿಯಾರವಿದೆ. ಎಲ್ಇಡಿ ದೀಪವೂ ಕ್ವಾಂಟಮ್ ಸಾಧನವೇ. ಅದನ್ನು ಉರಿಸಿ ಮೀನು ಹಿಡಿಯುವುದಕ್ಕೆ ನಿಷೇಧವಿದೆ ಎಂಬುದನ್ನು ತಮಗೆ ನಾನು ಹೇಳಬೇಕಾಗಿಲ್ಲ.

ಈ ಗಡಿಯಾರದ ಬಗ್ಗೆ ಒಂದು ಧಾರಾವಾಹಿಯನ್ನಾಗಲಿ, ಭಯಂಕರ ಸಂಗೀತವಿರುವ ಒಂದು ವಿಡಿಯೋವನ್ನಾಗಲಿ ನಾನು ಈವರೆಗೆ ಕಂಡಿಲ್ಲ.

ಪ್ರಶ್ನೆ: ನಮ್ಮೂರಿನಲ್ಲಿ ಉಚಿತ ಆರೋಗ್ಯ ಶಿಬಿರವೆಂದು ಕರೆದು, ಕೈಯಲ್ಲಿ ಒಂದು ಲೋಹದ ಕೋಲನ್ನು ಹಿಡಿಸಿ, ಒಂದೇ ನಿಮಿಷದಲ್ಲಿ ಇಡೀ ದೇಹದ ‘ಕ್ವಾಂಟಮ್ ಅನುರಣನ’ ವರದಿ ಕೊಟ್ಟರು. ಬಳಿಕ ಒಂದು ಪದಕವನ್ನೂ ಪುಡಿಯನ್ನೂ ಕೊಳ್ಳಲು ಹೇಳಿದರು. ನಂಬಬಹುದೇ? — ಗೃಹಿಣಿ, ಕಟಪಾಡಿ

ಉತ್ತರ: ಬೇಡಿ. ಕಳೆದ ಮಳೆಗಾಲದಲ್ಲಿ ನಮ್ಮ ಬಡಾವಣೆಯ ಸಭಾಭವನದಲ್ಲಿ ಇಂಥದೇ ಶಿಬಿರ ನಡೆದಾಗ ನಾನೂ ಸಾಲಿನಲ್ಲಿ ಕುಳಿತಿದ್ದೆ. ಪ್ಲಾಸ್ಟಿಕ್ ಕುರ್ಚಿ, ಲ್ಯಾಪ್‌ಟಾಪ್, ಅದಕ್ಕೆ ಸುರುಳಿ ತಂತಿಯಿಂದ ಜೋಡಿಸಿದ ಹೆಬ್ಬೆರಳು ದಪ್ಪದ ಕೋಲು. ಹಿಡಿದುಕೊಂಡೆ. ಪರದೆಯ ಮೇಲೆ ಬಣ್ಣಬಣ್ಣದ ಅಂಗಾಂಗಗಳು ಮಿನುಗಿದವು, ಮುದ್ರಣ ಯಂತ್ರ ಹಾಳೆಯ ಮೇಲೆ ಹಾಳೆ ಉಗುಳಿತು. ಮೂರನೆಯ ಪುಟದಲ್ಲಿ ನನ್ನ ಪಿತ್ತಕೋಶದ ಕಾರ್ಯಕ್ಷಮತೆ ಉತ್ತಮವಾಗಿದೆಯೆಂದಿತ್ತು. ನನ್ನ ಪಿತ್ತಕೋಶವನ್ನು ಹನ್ನೊಂದು ವರ್ಷಗಳ ಹಿಂದೆ ಶಸ್ತ್ರಚಿಕಿತ್ಸೆ ಮಾಡಿ ತೆಗೆದುಹಾಕಿದ್ದಾರೆ. ಹಾಗೆಂದು ಹೇಳಿದಾಗ ಆ ಹುಡುಗ ಒಂದಿಷ್ಟೂ ವಿಚಲಿತನಾಗದೆ, “ಇದು ಅಂಗವನ್ನು ನೋಡುವುದಲ್ಲ ಸರ್, ಅದರ ಎನರ್ಜಿಯನ್ನು ನೋಡುವುದು” ಎಂದ. ಅವನ ಮೇಲೆ ನನಗೆ ಕೋಪ ಬರಲಿಲ್ಲ. ಅವನಿಗೆ ಉರುಹೊಡೆಸಿ ಕಳುಹಿಸಿದವರು ಬೇರೆಲ್ಲೋ ಇದ್ದರು.

ದೇಹದೊಳಗಿನ ಅನುರಣನವನ್ನು ನಿಜವಾಗಿ ಓದುವ ಯಂತ್ರ ಯಾವುದೆಂದರೆ ಎಂಆರ್‌ಐ. ನೀರಿನ ಜಲಜನಕದ ಬೀಜಗಳಿಗೆ ಸ್ಪಿನ್ ಎಂಬ ಕ್ವಾಂಟಮ್ ಗುಣವಿರುವುದರಿಂದಲೇ ಅದು ಕೆಲಸಮಾಡುತ್ತದೆ. ಅದಕ್ಕೆ ಎಷ್ಟು ಬೇಕು? ಸಾಮಾನ್ಯ ಯಂತ್ರದಲ್ಲಿ 1.5 ಟೆಸ್ಲಾದ ಕಾಂತಕ್ಷೇತ್ರ, ಅಂದರೆ ನಮ್ಮೂರಿನಲ್ಲಿ ಭೂಮಿಗಿರುವ ಕಾಂತಕ್ಷೇತ್ರದ ಮೂವತ್ತು ಸಾವಿರ ಪಟ್ಟಿಗಿಂತಲೂ ಹೆಚ್ಚು. ಜೊತೆಗೆ ಸೆಕೆಂಡಿಗೆ ಸುಮಾರು 6.4 ಕೋಟಿ ಸಲ ಕಂಪಿಸುವ ರೇಡಿಯೋ ಅಲೆಗಳು, ದ್ರವ ಹೀಲಿಯಮ್‌ನಲ್ಲಿ ತಣ್ಣಗಿಟ್ಟ ಸುರುಳಿಗಳು, ಮತ್ತು ಇಪ್ಪತ್ತು ನಿಮಿಷ ಅಲುಗಾಡದೆ ಮಲಗುವ ರೋಗಿ. ಇದಿಷ್ಟನ್ನೂ ಒಂದು ತಂತಿಯ ತುದಿಯ ಕೋಲು ಒಂದೇ ನಿಮಿಷದಲ್ಲಿ ಮಾಡುವುದಿದ್ದರೆ ಮಣಿಪಾಲದಲ್ಲಿ ಅಷ್ಟು ದೊಡ್ಡ ಯಂತ್ರಗಳನ್ನು ಇಟ್ಟುಕೊಳ್ಳುವ ಅಗತ್ಯವೇ ಇರುತ್ತಿರಲಿಲ್ಲ.

ಪದಕದ ಬಗ್ಗೆ ಇನ್ನೂ ಎಚ್ಚರ ಬೇಕು. 2021ರ ಡಿಸೆಂಬರಿನಲ್ಲಿ ನೆದರ್‌ಲ್ಯಾಂಡ್ಸ್ ದೇಶದ ಪರಮಾಣು ಸುರಕ್ಷತಾ ಪ್ರಾಧಿಕಾರ ಇಂಥ ಹತ್ತು ಉತ್ಪನ್ನಗಳನ್ನು ಪರೀಕ್ಷಿಸಿ, ಅವುಗಳಿಂದ ಅಯಾನೀಕರಿಸುವ ವಿಕಿರಣ ಹೊರಡುತ್ತಿದೆಯೆಂದು ಪ್ರಕಟಿಸಿ, ಧರಿಸಬೇಡಿರೆಂದು ಜನರಿಗೆ ಸೂಚಿಸಿತು. ‘ಕ್ವಾಂಟಮ್ ಪದಕ’ ಎಂಬ ಹೆಸರಿನದೂ ಅವುಗಳಲ್ಲಿತ್ತು. ಇಂಥ ಪದಕಗಳಲ್ಲಿ ಥೋರಿಯಮ್ ಇರುವ ಖನಿಜದ ಪುಡಿ ಬೆರೆತಿರುವುದುಂಟು. ಥೋರಿಯಮ್ ನಮಗೆ ಅಪರಿಚಿತವೇನಲ್ಲ. ಉಳ್ಳಾಲದ ಮರಳಿನಲ್ಲಿ ಮೊನಜೈಟ್ ಖನಿಜವಾಗಿ ಅದು ಇದ್ದೇ ಇದೆ. ಆದರೆ ಯಾರೂ ಆ ಮರಳನ್ನು ದಾರದಲ್ಲಿ ಕಟ್ಟಿ ವರ್ಷವಿಡೀ ಎದೆಯ ಮೇಲೆ ಇಟ್ಟುಕೊಳ್ಳುವುದಿಲ್ಲ. ಪುಡಿಯಿಂದ ಮಧುಮೇಹವೋ ಕ್ಯಾನ್ಸರೋ ಗುಣವಾಗುತ್ತದೆಂದು ಕರಪತ್ರದಲ್ಲಿ ಅಚ್ಚಾಗಿದ್ದರೆ ಆ ಕರಪತ್ರವನ್ನು ಜೋಪಾನವಾಗಿಡಿ. ಅಂಥ ಜಾಹೀರಾತನ್ನು ನಿಷೇಧಿಸುವ ಕಾನೂನು 1954ರಿಂದಲೇ ಇದೆ.

ಪ್ರಶ್ನೆ: ಮಗ ಅಮೆರಿಕದಲ್ಲಿದ್ದಾನೆ. ಅವನಿಗೆ ಜ್ವರ ಬಂದ ದಿನ ಇಲ್ಲಿ ನನಗೆ ಸಂಕಟವಾಗುತ್ತದೆ. ಒಮ್ಮೆ ಜೊತೆಯಲ್ಲಿದ್ದ ಕಣಗಳು ಎಷ್ಟು ದೂರ ಹೋದರೂ ಕ್ಷಣಮಾತ್ರದಲ್ಲಿ ಒಂದಕ್ಕೊಂದು ತಿಳಿಸುತ್ತವೆ, ತಾಯಿಗೂ ಮಗನಿಗೂ ಅದೇ ಸಂಬಂಧ ಎಂದು ಟಿವಿಯಲ್ಲಿ ಹೇಳಿದರು. — ತಾಯಿಯೊಬ್ಬರು, ಕಾರ್ಕಳ

ಉತ್ತರ: ತಮ್ಮ ಸಂಕಟ ಸುಳ್ಳೆಂದು ನಾನು ಹೇಳಲಾರೆ. ಅದಕ್ಕೆ ಟಿವಿಯವರು ಕೊಟ್ಟ ಕಾರಣ ಮಾತ್ರ ಸರಿಯಲ್ಲ. ಒಟ್ಟಿಗೆ ಹುಟ್ಟಿದ ಎರಡು ಕಣಗಳ ಸ್ಥಿತಿ ಒಂದರೊಡನೊಂದು ಹೆಣೆದುಕೊಂಡಿರಬಹುದು. ಇಲ್ಲಿ ಒಂದನ್ನು ಅಳೆದ ಫಲಕ್ಕೂ ಅಲ್ಲಿ ಇನ್ನೊಂದನ್ನು ಅಳೆದ ಫಲಕ್ಕೂ ಹೊಂದಾಣಿಕೆ ಕಾಣುತ್ತದೆ. ಆದರೆ ಇಲ್ಲಿರುವವರಿಗೆ ತಮ್ಮ ಅಳತೆಯ ಫಲ ಏನು ಬರಬೇಕೆಂದು ಆರಿಸಿಕೊಳ್ಳಲು ಬರುವುದಿಲ್ಲ. ಅಲ್ಲಿರುವವರಿಗೆ ತಮ್ಮ ಫಲಗಳಷ್ಟನ್ನೇ ನೋಡಿದರೆ ಗೊತ್ತುಗುರಿಯಿಲ್ಲದ ಸಾಲೊಂದು ಕಾಣುತ್ತದೆ, ಇಲ್ಲಿ ಯಾರಾದರೂ ಅಳೆದರೋ ಇಲ್ಲವೋ ಎಂಬುದೂ ತಿಳಿಯುವುದಿಲ್ಲ. ಎರಡು ಪಟ್ಟಿಗಳನ್ನು ಫೋನಿನಲ್ಲೋ ಪತ್ರದಲ್ಲೋ ತಾಳೆನೋಡಿದ ಮೇಲೆಯೇ ಹೊಂದಾಣಿಕೆ ಹೊರಬೀಳುವುದು. ಅಂದರೆ ಸುದ್ದಿ ಕಳುಹಿಸಲು ಇದರಿಂದ ಸಾಧ್ಯವೇ ಇಲ್ಲ. ತಮ್ಮ ಮಗನ ಜ್ವರದ ಸುದ್ದಿ ಕೊನೆಗೂ ಫೋನಿನಲ್ಲಿಯೇ ಬರಬೇಕು. ಈ ಹೆಣಿಗೆ ಎಷ್ಟು ಸೂಕ್ಷ್ಮವೆಂದರೆ 2017ರಲ್ಲಿ ಚೀನಾದ ಉಪಗ್ರಹವೊಂದು ಅದನ್ನು 1,200 ಕಿಲೋಮೀಟರಿಗಿಂತ ಹೆಚ್ಚು ದೂರದ ಎರಡು ಕೇಂದ್ರಗಳ ನಡುವೆ ಉಳಿಸಿದ್ದೇ ದೊಡ್ಡ ಸಾಧನೆಯೆನಿಸಿತು. 37 ಡಿಗ್ರಿ ಬೆಚ್ಚಗಿರುವ ಎರಡು ಮೈಗಳ ನಡುವೆ ಅದು ಉಳಿಯುವ ಮಾತೇ ಇಲ್ಲ.

ಇದನ್ನು ಎದುರು ದಿಕ್ಕಿನಿಂದ ಕೆಡಿಸುವವರೂ ಇದ್ದಾರೆ, ನನ್ನಂಥ ಮೇಷ್ಟ್ರುಗಳೇ ಹೆಚ್ಚು. ದೇವಸ್ಥಾನದಿಂದ ಹೊರಟು ಮನೆಗೆ ಬಂದು ಚೀಲದಲ್ಲಿ ಎಡಗಾಲಿನ ಚಪ್ಪಲಿ ಕಂಡರೆ ಬಲಗಾಲಿನದು ಅಲ್ಲೇ ಉಳಿದಿದೆಯೆಂದು ತಕ್ಷಣ ತಿಳಿಯುತ್ತದಲ್ಲ, ಇದೂ ಅಷ್ಟೇ ಎಂದು ನಾವು ಸಮಾಧಾನ ಹೇಳುತ್ತೇವೆ. ಅದೂ ತಪ್ಪು. ಚಪ್ಪಲಿಯಂತೆ ಮೊದಲೇ ನಿರ್ಧಾರವಾಗಿದ್ದ ಉತ್ತರಗಳಾಗಿದ್ದು, ಒಂದು ಕಡೆಯ ಅಳತೆ ಇನ್ನೊಂದು ಕಡೆಯನ್ನು ಮುಟ್ಟದಿದ್ದರೆ ಹೊಂದಾಣಿಕೆಗೆ ಒಂದು ಮಿತಿಯಿರಬೇಕೆಂದು 1964ರಲ್ಲಿ ಜಾನ್ ಬೆಲ್ ತೋರಿಸಿದರು. 1969ರಲ್ಲಿ ಪ್ರಯೋಗಕ್ಕೆ ಒಗ್ಗುವಂತೆ ತಿದ್ದಿದ ರೂಪದಲ್ಲಿ ಆ ಮಿತಿ 2. ಕ್ವಾಂಟಮ್ ಲೆಕ್ಕ ಸುಮಾರು 2.83ರವರೆಗೆ ಹೋಗುತ್ತದೆ. ಕ್ಲೌಸರ್, ಆಸ್ಪೆ, ಜೈಲಿಂಗರ್ ಅವರ ಪ್ರಯೋಗಗಳಲ್ಲಿ ಬೆಲ್ ಹೇಳಿದ ಮಿತಿ ಮೀರಿತು, ಮತ್ತು 2022ರ ನೊಬೆಲ್ ಅವರಿಗೆ ಬಂದಿತು. ಸುದ್ದಿಯನ್ನೂ ಕಳುಹಿಸಲಾಗದು, ಚಪ್ಪಲಿಯೆಂದು ತಳ್ಳಿಹಾಕಲೂ ಆಗದು, 2ಕ್ಕೂ 2.83ಕ್ಕೂ ನಡುವಿನ ಅಷ್ಟು ಇಕ್ಕಟ್ಟಿನ ಜಾಗದಲ್ಲಿ ನಿಜವಾದ ಬೆರಗು ಇದೆ. ಟಿವಿಯ ಕ್ಯಾಮೆರಾ ಅಲ್ಲಿಗೆ ಹೋಗುವುದಿಲ್ಲ.

ಪ್ರಶ್ನೆ: ನಾನು ಪತ್ರಿಕೆಯೊಂದರ ಸುದ್ದಿಮೇಜಿನಲ್ಲಿ ಕೆಲಸಮಾಡುತ್ತೇನೆ. ರಾತ್ರಿ ಹತ್ತಕ್ಕೆ ಗೂಗಲ್ ಚಿಪ್ಪಿನ ಸುದ್ದಿ ಬಂದರೆ ಹತ್ತೂವರೆಗೆ ಶೀರ್ಷಿಕೆ ಕೊಡಬೇಕು. ‘ಸಮಾನಾಂತರ ವಿಶ್ವ ಪತ್ತೆ’ ಎಂದು ಕೊಟ್ಟಿದ್ದೆ. ತಪ್ಪೇ? — ಉಪಸಂಪಾದಕ, ಮಂಗಳೂರು

ಉತ್ತರ: ತಪ್ಪೇ, ಆದರೆ ತಪ್ಪಿನಲ್ಲಿ ಪಾಲುದಾರರಿದ್ದಾರೆ. 2024ರ ಡಿಸೆಂಬರಿನಲ್ಲಿ 105 ಕ್ಯೂಬಿಟ್‌ಗಳ (ಕ್ವಾಂಟಮ್ ಗಣಕದಲ್ಲಿ ಲೆಕ್ಕದ ಮೂಲ ಘಟಕವೇ ಕ್ಯೂಬಿಟ್) ವಿಲ್ಲೋ ಚಿಪ್ಪನ್ನು ಪ್ರಕಟಿಸುವಾಗ ಸಮಾನಾಂತರ ವಿಶ್ವಗಳ ಪ್ರಸ್ತಾಪವನ್ನು ಕಂಪನಿಯ ಪ್ರಕಟಣೆಯೇ ಮಾಡಿತ್ತು. ಐದು ನಿಮಿಷಕ್ಕಿಂತ ಕಡಿಮೆ ಹೊತ್ತಿನಲ್ಲಿ ಆ ಚಿಪ್ಪು ಮಾಡಿದ್ದು, ಸೂಪರ್‌ಕಂಪ್ಯೂಟರಿಗೆ ಒಂದರ ಮುಂದೆ 25 ಸೊನ್ನೆಗಳಷ್ಟು ವರ್ಷ ಬೇಕಾಗುವುದೆಂದು ಹೇಳಲಾದ ಒಂದು ಪರೀಕ್ಷಾ ಲೆಕ್ಕ. ಚಿಪ್ಪಿನ ಸಾಮರ್ಥ್ಯವನ್ನು ತೋರಿಸುವುದರ ಹೊರತು ಅದರ ಉತ್ತರದಿಂದ ಯಾರಿಗೂ ಪ್ರಯೋಜನವಿಲ್ಲ. 2019ರಲ್ಲಿ ಅದೇ ಕಂಪನಿ 53 ಕ್ಯೂಬಿಟ್‌ಗಳ ಚಿಪ್ಪಿನ 200 ಸೆಕೆಂಡುಗಳ ಕೆಲಸಕ್ಕೆ 10,000 ವರ್ಷ ಬೇಕೆಂದಾಗ, ಎರಡೂವರೆ ದಿನ ಸಾಕೆಂದು ಐಬಿಎಂ ಉತ್ತರ ಕೊಟ್ಟಿತ್ತು. ಇನ್ನು 2022ರ ನವೆಂಬರಿನಲ್ಲಿ ‘ಪ್ರಯೋಗಾಲಯದಲ್ಲಿ ಹುಳುರಂಧ್ರ ಸೃಷ್ಟಿ’ (ಹುಳುರಂಧ್ರವೆಂದರೆ ವಿಶ್ವದ ಎರಡು ದೂರದ ಜಾಗಗಳನ್ನು ಜೋಡಿಸುವುದೆಂದು ಊಹಿಸಿದ ಸುರಂಗ) ಎಂದು ಎಲ್ಲೆಡೆ ಅಚ್ಚಾದದ್ದು ಒಂಬತ್ತು ಕ್ಯೂಬಿಟ್‌ಗಳ ಮೇಲೆ ನಡೆಸಿದ ಒಂದು ಅನುಕರಣೆ. ಗಣಕದಲ್ಲಿ ಮಳೆಯನ್ನು ಅನುಕರಿಸಿದರೆ ಮೇಜು ಒದ್ದೆಯಾಗುವುದಿಲ್ಲ.

ವಿಲ್ಲೋದಲ್ಲಿ ಸುದ್ದಿಯಿತ್ತು, ಅದು ಬೇರೆ. ಕ್ಯೂಬಿಟ್‌ಗಳು ಬೇಗ ತಪ್ಪು ಮಾಡುತ್ತವೆ. ಹಲವನ್ನು ಸೇರಿಸಿ ಒಂದರಂತೆ ಬಳಸಿ ತಪ್ಪನ್ನು ತಿದ್ದಬೇಕು. ಸೇರಿಸಿದಷ್ಟೂ ತಪ್ಪು ಹೆಚ್ಚಾಗುವುದೇ ಈವರೆಗಿನ ಕಷ್ಟವಾಗಿತ್ತು. ಇಲ್ಲಿ ಮೂರು-ಮೂರರ ಚೌಕದಿಂದ ಐದು-ಐದಕ್ಕೆ, ಅಲ್ಲಿಂದ ಏಳು-ಏಳಕ್ಕೆ ಹೋದಾಗ ಪ್ರತಿಸಲವೂ ತಪ್ಪು ಸುಮಾರು ಅರ್ಧಕ್ಕೆ ಇಳಿಯಿತು. ‘ದೊಡ್ಡದಾದಂತೆ ತಪ್ಪು ಇಳಿಯಿತು’ ಎಂಬ ಶೀರ್ಷಿಕೆ ಎರಡು ಕಾಲಮಿನಲ್ಲಿ ಆರಾಮವಾಗಿ ಕೂರುತ್ತದೆ. ಬ್ಯಾಂಕಿನ ಗುಪ್ತಲಿಪಿಗಳೆಲ್ಲ ನಾಳೆಯೇ ಒಡೆಯುತ್ತವೆಂದು ಬರೆಯುವ ಮೊದಲು ಇನ್ನೊಂದು ಸಂಖ್ಯೆಯನ್ನು ಪಕ್ಕದಲ್ಲಿಡಿ. ಇಂದು ಬಳಕೆಯಲ್ಲಿರುವ 2048 ಬಿಟ್‌ಗಳ ಆರ್‌ಎಸ್‌ಎ ಗುಪ್ತಲಿಪಿಯನ್ನು ಒಡೆಯಲು ಎರಡು ಕೋಟಿ ಕ್ಯೂಬಿಟ್‌ಗಳು ಬೇಕೆಂದು 2019ರಲ್ಲಿ ಲೆಕ್ಕಹಾಕಿದ್ದರು. 2025ರಲ್ಲಿ ಅದನ್ನು ಹತ್ತು ಲಕ್ಷಕ್ಕಿಂತ ಕೆಳಗೆ ಇಳಿಸಿದರು. ಇಳಿದ ವೇಗವೂ ಸುದ್ದಿ, ಇನ್ನೂ ಇರುವ ಅಂತರವೂ ಸುದ್ದಿ. 2023ರ ಏಪ್ರಿಲಿನಲ್ಲಿ ಕೇಂದ್ರ ಸರಕಾರ ಮಂಜೂರು ಮಾಡಿದ ರಾಷ್ಟ್ರೀಯ ಕ್ವಾಂಟಮ್ ಮಿಷನ್ನಿಗೆ 6,003.65 ಕೋಟಿ ರೂಪಾಯಿ ಇಟ್ಟಿದ್ದಾರೆ. ಆ ಹಣದಿಂದ ಏನೇನು ನಡೆದಿದೆ ಎಂಬುದನ್ನು ಬೆಂಗಳೂರಿನ ವರದಿಗಾರರು ಆಗಾಗ ಕೇಳುತ್ತಿದ್ದರೆ ಓದುಗರಿಗೆ ಸಮಾನಾಂತರ ವಿಶ್ವಕ್ಕಿಂತ ಹೆಚ್ಚು ಉಪಕಾರವಾದೀತು.

ನಿಮ್ಮನ್ನು ಮಾತ್ರ ಕಟಕಟೆಯಲ್ಲಿ ನಿಲ್ಲಿಸುವುದು ನ್ಯಾಯವಲ್ಲ. ಇದೇ ಅಂಕಣದಲ್ಲಿ ಕೆಲವು ವರ್ಷಗಳ ಹಿಂದೆ ನಾನು, ಕ್ಯೂಬಿಟ್ ಒಂದೇ ಕಾಲಕ್ಕೆ ಸೊನ್ನೆಯೂ ಒಂದೂ ಆಗಿರುವುದರಿಂದ ಕ್ವಾಂಟಮ್ ಗಣಕ ಎಲ್ಲ ಉತ್ತರಗಳನ್ನೂ ಒಟ್ಟಿಗೆ ಪರೀಕ್ಷಿಸಿ ಸರಿಯಾದುದನ್ನು ಹೇಳುತ್ತದೆಂದು ಬರೆದಿದ್ದೆ. ಓದಲು ಚೆನ್ನಾಗಿತ್ತು, ಸರಿಯಾಗಿರಲಿಲ್ಲ. ಎಲ್ಲ ಉತ್ತರಗಳ ಬೆರಕೆಯನ್ನು ಸುಮ್ಮನೆ ಅಳೆದರೆ ಯಾವುದೋ ಒಂದು ಉತ್ತರ ಕೈಗೆ ಬರುತ್ತದೆ, ಅಷ್ಟಕ್ಕೆ ಒಂದು ರೂಪಾಯಿಯ ನಾಣ್ಯವನ್ನು ಚಿಮ್ಮಿದರೂ ಸಾಕು. ತಪ್ಪು ಉತ್ತರಗಳ ಅಲೆಗಳು ಒಂದನ್ನೊಂದು ಹೊಡೆದುಹಾಕುವಂತೆ, ಸರಿಯುತ್ತರದ ಅಲೆಗಳು ಒಟ್ಟುಗೂಡುವಂತೆ ಲೆಕ್ಕವನ್ನು ಹೆಣೆಯುವುದರಲ್ಲಿ ಎಲ್ಲ ಜಾಣ್ಮೆ ಇದೆ. ಹಾಗೆ ಹೆಣೆಯಲು ಬರುವ ಸಮಸ್ಯೆಗಳು ಕೆಲವೇ ಕೆಲವು. ಅಂದು ಆ ಮಾತನ್ನು ತಿದ್ದಿ ಪತ್ರ ಬರೆದವರು ಸುರತ್ಕಲ್ಲಿನ ಒಬ್ಬ ವಿದ್ಯಾರ್ಥಿ. ತಿದ್ದುಪಡಿಯನ್ನು ನಾನು ಪ್ರಕಟಿಸಲಿಲ್ಲ, ಈಗ ಪ್ರಕಟಿಸಿದ್ದೇನೆ.

ಪ್ರಶ್ನೆ: ಭಾಷಣಗಳಲ್ಲಿ ‘ಅಭಿವೃದ್ಧಿಯ ಕ್ವಾಂಟಮ್ ಜಿಗಿತ’ ಎನ್ನುತ್ತಾರಲ್ಲ, ಆ ಜಿಗಿತ ಎಷ್ಟು ದೊಡ್ಡದು? — ನಿವೃತ್ತ ಶಿಕ್ಷಕರು, ಬ್ರಹ್ಮಾವರ

ಉತ್ತರ: ನಮ್ಮ ಬೀದಿಗಳಲ್ಲಿ ಮೊದಲು ಉರಿಯುತ್ತಿದ್ದ ಹಳದಿ ಸೋಡಿಯಮ್ ದೀಪದಲ್ಲಿ ಒಂದು ಪರಮಾಣುವಿನ ಎಲೆಕ್ಟ್ರಾನ್ ಹಾಕುವ ಒಂದು ಜಿಗಿತದ ಶಕ್ತಿ 2.1 ಎಲೆಕ್ಟ್ರಾನ್‌ವೋಲ್ಟ್. ನೂರು ಗ್ರಾಂ ತೂಗುವ ಒಂದು ಬಂಗುಡೆಯನ್ನು ನೆಲದಿಂದ ಒಂದು ಮೀಟರ್ ಎತ್ತರದ ಮೇಜಿಗೆ ಎತ್ತಿಡಬೇಕಾದರೆ ಅಂಥ ಸುಮಾರು ಮೂವತ್ತು ಸಾವಿರ ಕೋಟಿ ಕೋಟಿ ಜಿಗಿತಗಳು ಬೇಕು.